ಕಾಡಿಂದ ಬಂದ ಕಾರ್ಡು

2021ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ನೀಲಗಿರಿ ಜಿಲ್ಲೆಯ ಗೂಡಲೂರು, ಮಸಿನಗುಡಿ ಸೀಮೆಯಲ್ಲಿ ಜನರ ಬಾಯಲ್ಲಿ ಒಂದೇ ಮಾತು. ನಾಲ್ವರನ್ನು ಕೊಂದು, ದನಗಳನ್ನೂ ಎಳೆದೊಯ್ದ ಹುಲಿಯೊಂದು ದೇವನ್ ಎಸ್ಟೇಟಿನ ಟೀ ಗಿಡಗಳ ಮಧ್ಯೆ ಒಮ್ಮೆ, ಮಸಿನಗುಡಿಯ ಲಂಟಾನ ಪೊದೆಗಳಲ್ಲಿ ಇನ್ನೊಮ್ಮೆ ಸುಳಿದು ಮರೆಯಾಗುತ್ತಿತ್ತು. ಕುಮ್ಕಿ ಆನೆ ಬಂದವು, ಡ್ರೋನ್ ಹಾರಿದವು, ವಾಸನೆ ಹಿಡಿಯುವ ನಾಯಿ ಬಂತು. ಹುಲಿಯನ್ನು ಕೂಡಲೇ ಕೊಲ್ಲಬೇಡಿ ಎಂದು ಮದರಾಸು ಹೈಕೋರ್ಟು ಹೇಳಿತು. ಸುಮಾರು ಮೂರು ವಾರದ ಹುಡುಕಾಟದ ನಂತರ, ಅಕ್ಟೋಬರ್ 15ರಂದು, ಅರಿವಳಿಕೆ ಚುಚ್ಚಿ ಜೀವಂತ ಹಿಡಿದು ಮೈಸೂರಿನ ಕೂರ್ಗಳ್ಳಿ ಪುನರ್ವಸತಿ ಕೇಂದ್ರಕ್ಕೆ ಸಾಗಿಸಿದರು. ಪತ್ರಿಕೆಗಳು ಬರೆದದ್ದೆಲ್ಲ ಈ ಓಡಾಟವನ್ನು. ಆ ಹುಲಿಗಿದ್ದ ಹೆಸರು ಎಂಡಿಟಿ 23. ಈ ಹೆಸರು ಎಲ್ಲಿಂದ ಬಂತೆಂದು ಯಾರೂ ಅಷ್ಟಾಗಿ ಕೇಳಲಿಲ್ಲ.

ಆ ಸೀಮೆಯ ಮುದುಮಲೆ ಹುಲಿ ಮೀಸಲು ಕಾಡಿನ ಹುಲಿಗಳ ಪಟ್ಟಿಯಲ್ಲಿ ಅದಕ್ಕಿದ್ದ ಅಂಕಿ ಅದು. ಮರಕ್ಕೆ ಕಟ್ಟಿದ ಕ್ಯಾಮೆರಾ ಹಿಂದೆ ಯಾವಾಗಲೋ ಆ ಹುಲಿಯ ಪಕ್ಕೆಯ ಪಟ್ಟೆಗಳನ್ನು ಹಿಡಿದಿತ್ತು; ಒಬ್ಬರು ನಡೆದುಹೋಗಿ ಅದರ ಮೆಮೊರಿ ಕಾರ್ಡು ಬಿಚ್ಚಿ ತಂದಿದ್ದರು; ಇನ್ನೊಬ್ಬರು ಅದನ್ನು ಕಂಪ್ಯೂಟರಿಗೆ ಇಳಿಸಿ, ಜಾಗ, ದಿನ, ಗಂಟೆ ಸೇರಿಸಿ ಪಟ್ಟಿಯಲ್ಲಿ ಒಂದು ಸಾಲು ಬರೆದಿದ್ದರು. ಆ ಕಾಡಿನಲ್ಲಿರುವುದು ಒಂದೇ ಹುಲಿಯಲ್ಲ. ಹಾಗಾಗಿ ರಾತ್ರಿ ಕ್ಯಾಮೆರಾಕ್ಕೆ ಸಿಕ್ಕಿದ್ದು ಹುಡುಕುತ್ತಿರುವ ಹುಲಿಯೋ, ಹಾದಿಯಲ್ಲಿ ಹೋದ ಬೇರೆ ಹುಲಿಯೋ ಎಂದು ಹೇಳಲು ಆ ಒಂದು ಸಾಲು ಬೇಕಿತ್ತು. ಅದು ತಪ್ಪಾಗಿದ್ದರೆ ಯಾವ ತಪ್ಪೂ ಮಾಡದ ಪ್ರಾಣಿಯೊಂದು ಬಲೆಗೆ ಬೀಳುತ್ತಿತ್ತು, ಊರಿನವರ ಭಯ ಹಾಗೇ ಉಳಿಯುತ್ತಿತ್ತು.

ಹುಲಿಯ ಬಗ್ಗೆ ಬರೆದವರು ಬಹಳ. ಕಾಡಿನಿಂದ ಬಂದ ಕಾರ್ಡು ಮೇಜಿನ ಮೇಲೆ ಬಿದ್ದ ಮೇಲೆ ಏನಾಗುತ್ತದೆ ಎಂಬುದನ್ನು ಬರೆದವರು ಕಡಿಮೆ. ಅಲ್ಲಿ ಒಂದು ಡೆಸ್ಕ್‌ಟಾಪ್, ಕಾರ್ಡು ಓದುವ ಒಂದು ಪುಟ್ಟ ಸಾಧನ, ಕಂಪ್ಯೂಟರ್ ಏನೇನು ಮಾಡಬೇಕೆಂದು ಯಾರೋ ಬರೆದಿಟ್ಟ ಹತ್ತಿಪ್ಪತ್ತು ಸಾಲಿನ ಸ್ಕ್ರಿಪ್ಟ್, ಇಷ್ಟೇ ಇರುತ್ತದೆ. ಕಾಡಿನ ಲೆಕ್ಕ ಹೆಚ್ಚಾಗಿ ಕೆಡುವುದೂ ಉಳಿಯುವುದೂ ಇಲ್ಲೇ ಎಂಬುದು ಈ ಕೆಲಸವನ್ನು ಹತ್ತಿರದಿಂದ ಕಂಡ ನನ್ನ ನಂಬಿಕೆ.

ಪಟ್ಟೆ ನೋಡಿ ಹುಲಿ ಎಣಿಸುವ ವಿದ್ಯೆ ರೂಪ ಪಡೆದದ್ದು ನಮ್ಮ ಪಕ್ಕದಲ್ಲೇ. ಹೆಜ್ಜೆಗುರುತಿನ ಅಚ್ಚು ತೆಗೆದು ಹುಲಿ ಎಣಿಸುತ್ತಿದ್ದ ಕಾಲದಲ್ಲಿ, ಅದು ನಂಬತಕ್ಕ ಲೆಕ್ಕವಲ್ಲವೆಂದು ವಾದಿಸಿದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿದರು. ಸಿಕ್ಕ ಹುಲಿ ಮತ್ತೆ ಎಷ್ಟು ಸಲ ಸಿಗುತ್ತದೆ ಎಂಬುದರಿಂದ ಸಿಗದೇ ಉಳಿದ ಹುಲಿಗಳ ಅಂದಾಜು ಮಾಡುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಆಗ ಇದ್ದದ್ದು ಫಿಲ್ಮ್ ಕ್ಯಾಮೆರಾ. ರೋಲು ಮುಗಿದರೆ ಮುಗಿಯಿತು. ತೊಳೆಸಿ, ಮುದ್ರಿಸಿ, ಮೇಜಿನ ಮೇಲೆ ಹರವಿ, ಪಟ್ಟೆಗೆ ಪಟ್ಟೆ ಕೂಡಿಸಿ ಕಣ್ಣಿನಿಂದಲೇ ಹೊಂದಿಸಬೇಕು. ಹುಲಿಯ ಎರಡು ಪಕ್ಕೆಯ ಪಟ್ಟೆ ಒಂದೇ ಥರ ಇರುವುದಿಲ್ಲ. ಅದಕ್ಕೇ ಹಾದಿಯ ಆಚೆಗೊಂದು ಈಚೆಗೊಂದು ಎರಡು ಕ್ಯಾಮೆರಾ. ಮುಂದೆ ಪಟ್ಟೆಗಳನ್ನು ಹುಲಿಯ ಮೈಯ ಮೂರು ಆಯಾಮದ ಮಾದರಿಗೆ ಹೊದಿಸಿ ಹೋಲಿಸುವ ಎಕ್ಸ್‌ಟ್ರಾಕ್ಟ್‌ಕಂಪೇರ್ ಎಂಬ ತಂತ್ರಾಂಶ ಬಂತು. ಬಂಡೀಪುರದ ಕ್ಯಾಮೆರಾಕ್ಕೆ ಸಿಕ್ಕಿದ್ದ ಬಿಪಿಟಿ 241 ಎಂಬ ಹುಲಿ 2011ರಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಹತ್ತಿರ ಸೆರೆಯಾದಾಗ, ಇದು ಅದೇ ಎಂದು ಗೊತ್ತಾದದ್ದು ಹಳೆಯ ಚಿತ್ರದ ಜೊತೆ ಪಟ್ಟೆ ಹೊಂದಿದ್ದರಿಂದ.

ಫಿಲ್ಮು ಹೋಗಿ ಮೆಮೊರಿ ಕಾರ್ಡು ಬಂದಮೇಲೆ ಕಷ್ಟ ತಿರುವುಮುರುವಾಯಿತು. ಮೊದಲು ಚಿತ್ರ ಕಡಿಮೆ. ಈಗ ಚಿತ್ರದ ಮಹಾಪೂರ. 2018ರ ಅಖಿಲ ಭಾರತ ಹುಲಿ ಅಂದಾಜಿನಲ್ಲಿ 26,838 ಜಾಗಗಳಲ್ಲಿ ಕಟ್ಟಿದ ಕ್ಯಾಮೆರಾಗಳು ತೆಗೆದದ್ದು 3,48,58,623 ಚಿತ್ರ. ಅದರಲ್ಲಿ ಹುಲಿ ಇದ್ದದ್ದು 76,651ರಲ್ಲಿ. ಸಾವಿರಕ್ಕೆ ಎರಡು. ಒಂದು ಚಿತ್ರಕ್ಕೆ ಒಂದೇ ಸೆಕೆಂಡು ಕೊಟ್ಟು, ಊಟ ನಿದ್ದೆ ಬಿಟ್ಟು ನೋಡಿದರೂ ಒಬ್ಬನಿಗೆ 403 ದಿನ ಬೇಕು. 2022ರಲ್ಲಿ ಚಿತ್ರಗಳ ಸಂಖ್ಯೆ 4,70,81,881ಕ್ಕೆ ಏರಿತು. ಹುಲಿಯ ಚಿತ್ರ 97,399, ಅದೂ ಸಾವಿರಕ್ಕೆ ಎರಡೇ. ಇದನ್ನು ಬರಿಗಣ್ಣಿನಿಂದ ಜಾಲಿಸಲು ಸಾಧ್ಯವಿಲ್ಲವೆಂದೇ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಚಿತ್ರಗಳನ್ನು ಪ್ರಾಣಿವಾರು ಬೇರ್ಪಡಿಸುವ ಕ್ಯಾಟ್ರಾಟ್ ಎಂಬ ತಂತ್ರಾಂಶ ತಂದಿತು. ಆದರೆ ಡೆಹ್ರಾಡೂನಿನ ತಂತ್ರಾಂಶದ ಬಾಯಿಗೆ ಹಾಕುವ ಮೊದಲು ಮಸಿನಗುಡಿಯ ಕಾರ್ಡು ಮಸಿನಗುಡಿಯಲ್ಲೇ ಹಸನಾಗಬೇಕು. ಆ ಕೆಲಸ ಇನ್ನೊಬ್ಬರಿಂದ ಆಗುವಂಥದ್ದಲ್ಲ.

ಮೊದಲನೇ ತೊಡಕು ಹೆಸರಿನದು. ಕ್ಯಾಮೆರಾ ತಾನು ತೆಗೆದ ಚಿತ್ರಕ್ಕೆ 0001ರಿಂದ 9999ರವರೆಗೆ ಅಂಕಿ ಕೊಡುತ್ತದೆ. ಎಲ್ಲ ಕ್ಯಾಮೆರಾವೂ ಹಾಗೇ. ನಲವತ್ತು ಕ್ಯಾಮೆರಾದಿಂದ ನಲವತ್ತು ಕಾರ್ಡು ಬಂದರೆ ನಲವತ್ತರಲ್ಲೂ 0001 ಎಂಬ ಚಿತ್ರ ಇರುತ್ತದೆ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿದರೆ, ಹಳೆಯದರ ಮೇಲೆ ಹೊಸದನ್ನು ಬರೆಯಲೇ ಎಂದು ಕಂಪ್ಯೂಟರ್ ಕೇಳುತ್ತದೆ. ಸಂಜೆ ಆರು ಗಂಟೆ, ಕರೆಂಟು ಹೋಗಿ ಬಂದಿದೆ, ಕಡೆಯ ಬಸ್ಸು ಹಿಡಿಯಬೇಕು. ಅವಸರದಲ್ಲಿ ಹೌದು ಎಂಬುದರ ಮೇಲೆ ಬೆರಳು ಒತ್ತಿದರೆ ಒಂದು ಹಳ್ಳದ ಹದಿನೈದು ದಿನದ ಬದುಕು ಅಳಿಸಿಹೋಗುತ್ತದೆ. ಯಾರಿಗೂ ತಿಳಿಯುವುದೂ ಇಲ್ಲ.

ಹಾಗಾಗಿ ಒಳ್ಳೆಯ ಸ್ಕ್ರಿಪ್ಟ್ ಮೊದಲು ಮಾಡುವ ಕೆಲಸ ಬಲು ಸರಳ. ಕಾರ್ಡಿನಲ್ಲಿರುವುದನ್ನು ಇದ್ದಂತೆಯೇ, ಕ್ಯಾಮೆರಾದ ಜಾಗ ಮತ್ತು ಕಾರ್ಡು ತೆಗೆದ ತಾರೀಖಿನ ಹೆಸರಿರುವ ಫೋಲ್ಡರಿಗೆ ನಕಲು ಮಾಡುತ್ತದೆ. ಕಾರ್ಡಿನಲ್ಲಿರುವ ಪ್ರತಿ ಕಡತಕ್ಕೂ ನಕಲಿಗೂ ಎಸ್‌ಎಚ್‌ಎ-256ರಂಥ ಲೆಕ್ಕ ಹಾಕಿ ಎರಡೂ ಒಂದೇ ಎಂದು ತಾಳೆ ನೋಡುತ್ತದೆ. ಒಂದು ಬಿಟ್ ಬದಲಾದರೂ ಆ ಲೆಕ್ಕ ತಪ್ಪುತ್ತದೆ. ಎಲ್ಲ ತಾಳೆಯಾದಮೇಲೆ ಮಾತ್ರ ಕಾರ್ಡು ಖಾಲಿ ಮಾಡಬಹುದು ಎಂದು ತೋರಿಸುತ್ತದೆ. ಆಮೇಲೆ ಆ ಮೂಲ ಫೋಲ್ಡರನ್ನು ಯಾರೂ ಮುಟ್ಟುವ ಹಾಗಿಲ್ಲ. ಮುಂದಿನ ಕೆಲಸವೆಲ್ಲ ಇನ್ನೊಂದು ನಕಲಿನ ಮೇಲೆ. ಇಷ್ಟು ಬರೆಯಲು ದೊಡ್ಡ ಓದು ಬೇಡ. ಉಚಿತವಾಗಿ ಸಿಗುವ ಎಕ್ಸಿಫ್‌ಟೂಲ್ ಇದೆ. ಫಿಲ್ ಹಾರ್ವೆ ಎಂಬವರು 2003ರಿಂದ ಬೆಳೆಸಿಕೊಂಡು ಬಂದಿರುವ ಈ ಸಾಧನ ಚಿತ್ರದೊಳಗೆ ಅಡಗಿರುವ ತಾರೀಖು, ಗಂಟೆ, ಕ್ಯಾಮೆರಾದ ಗುರುತು ಎಲ್ಲವನ್ನೂ ಓದಿ, ಸಾವಿರಾರು ಕಡತಗಳಿಗೆ ಒಂದೇ ಆಜ್ಞೆಯಲ್ಲಿ ಹೊಸ ಹೆಸರು ಕೊಡಬಲ್ಲದು. ಜಗತ್ತಿನ ಎಷ್ಟೋ ಕಾಡುಗಳ ಲೆಕ್ಕ ಇಂಥ ಕಾಸು ಕೇಳದ ಸಾಧನಗಳ ಮೇಲೆ ನಿಂತಿದೆ.

ಎರಡನೇ ತೊಡಕು ಗಡಿಯಾರದ್ದು. ಕ್ಯಾಮೆರಾದ ಬ್ಯಾಟರಿ ಪೂರಾ ಇಳಿದು ಹೊಸದು ಹಾಕಿದಾಗ ಅದರ ಗಡಿಯಾರ ಯಾವುದೋ ವರ್ಷದ ಜನವರಿ 1ಕ್ಕೆ ಹಿಂತಿರುಗಿಬಿಡುವುದುಂಟು. ಬೆಳಿಗ್ಗೆ, ರಾತ್ರಿ ಅದಲುಬದಲಾಗಿ ಸೆಟ್ ಆಗಿರುವುದೂ ಉಂಟು. ನಡುಹಗಲಿನ ಬಿಸಿಲಿನಲ್ಲಿ ನಿಂತ ಜಿಂಕೆಯ ಚಿತ್ರದ ಮೇಲೆ ರಾತ್ರಿ 12.40 ಎಂದಿದ್ದರೆ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಮೂರು ಗಂಟೆ ಮಾತ್ರ ಹಿಂದಿರುವ ಗಡಿಯಾರದ ತಪ್ಪು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಆ ಕಾರ್ಡಿನ ಹುಲಿ ಸಂಜೆ ಏಳಕ್ಕೆ ಊರಂಚಿಗೆ ಬಂದಿದ್ದರೂ ದಾಖಲೆಯಲ್ಲಿ ನಾಲ್ಕು ಗಂಟೆಗೇ ಬಂದಿರುತ್ತದೆ. ದನ ಹೊಡೆದುಕೊಂಡು ಬರುವ ಹೊತ್ತು ಯಾವುದು, ಮಕ್ಕಳು ಶಾಲೆಯಿಂದ ಮರಳುವ ಹೊತ್ತು ಯಾವುದು ಎಂದು ನೋಡಿ ಎಚ್ಚರ ಹೇಳುವವರಿಗೆ ಆ ಮೂರು ಗಂಟೆ ಸಣ್ಣ ವಿಷಯವಲ್ಲ.

ಇದಕ್ಕೆ ಕಾಡಿನಲ್ಲೇ ಒಂದು ಮದ್ದಿದೆ. ಕ್ಯಾಮೆರಾ ಕಟ್ಟಿದ ಕೂಡಲೇ, ಬಿಚ್ಚುವ ಮುನ್ನವೂ, ಒಂದು ಸ್ಲೇಟಿನ ಮೇಲೆ ಜಾಗದ ಅಂಕಿ, ಅಂದಿನ ತಾರೀಖು, ಕೈಗಡಿಯಾರದ ಹೊತ್ತು ಬರೆದು ಕ್ಯಾಮೆರಾದ ಮುಂದೆ ಹಿಡಿಯುವುದು. ಸ್ಲೇಟಿನ ಹೊತ್ತಿಗೂ ಚಿತ್ರದ ಮೇಲೆ ಬಿದ್ದ ಹೊತ್ತಿಗೂ ಇರುವ ಅಂತರವನ್ನು ಸ್ಕ್ರಿಪ್ಟಿಗೆ ಹೇಳಿದರೆ ಆ ಕಾರ್ಡಿನ ಎಲ್ಲ ಚಿತ್ರಗಳನ್ನೂ ಸರಿಯಾದ ಹೊತ್ತಿಗೆ ತಂದು ನಿಲ್ಲಿಸುತ್ತದೆ. ಒಂದು ಸ್ಲೇಟು, ಒಂದು ಬಳಪ. ಮಳೆಯಲ್ಲಿ, ಜಿಗಣೆಗಳ ನಡುವೆ, ಆನೆ ಲದ್ದಿ ಇನ್ನೂ ಬಿಸಿಯಾಗಿರುವ ಹಾದಿಯಲ್ಲಿ ನಿಂತು ಅದನ್ನು ಬರೆದು ಹಿಡಿಯುವ ಅರಣ್ಯ ವಾಚರ್‌ಗೆ ಈ ದೇಶದ ಹುಲಿ ಲೆಕ್ಕ ಋಣಿಯಾಗಿದೆ.

ಕ್ಯಾಮೆರಾ ಮರದ ಮೇಲಿನದು. ಕೈಯಲ್ಲಿ ಹಿಡಿದು ನಡೆಯುವ ಸಾಧನದ ಕಥೆ ಬೇರೆ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಮತ್ತು ವನ್ಯಜೀವಿ ಸಂಸ್ಥೆ 2010ರಲ್ಲಿ ಎಂ-ಸ್ಟ್ರೈಪ್ಸ್ ಎಂಬ ವ್ಯವಸ್ಥೆ ತಂದವು. ಮೊದಲು ಕೈಜಿಪಿಎಸ್ಸು ಮತ್ತು ಕಾಗದ. ಈಗ ಮೊಬೈಲಿನಲ್ಲೇ ಆ್ಯಪ್. ಗಾರ್ಡು ಮತ್ತು ವಾಚರ್‌ಗಳು ಬೀಟು ತಿರುಗುವಾಗ ನಡೆದ ಹಾದಿ ತಾನಾಗಿಯೇ ದಾಖಲಾಗುತ್ತದೆ. ಹೆಜ್ಜೆ, ಲದ್ದಿ, ಹಿಕ್ಕೆ, ಉರುಳು, ಕಡಿದ ಮರ ಕಂಡಲ್ಲಿ ಚಿತ್ರ ಸಮೇತ ಗುರುತು ಹಾಕಬಹುದು. ಹುಲಿ ಅಂದಾಜಿನ ವರ್ಷದಲ್ಲಿ ಪ್ರತಿ ಬೀಟಿನಲ್ಲೂ ಮಾಂಸಾಹಾರಿಗಳ ಗುರುತು ಹುಡುಕುತ್ತ ಕನಿಷ್ಠ 5 ಕಿಲೋಮೀಟರ್ ನಡಿಗೆ, ಆಮೇಲೆ 2 ಕಿಲೋಮೀಟರ್ ನೇರ ಗೆರೆಯ ಮೇಲೆ ನಡೆದು ಕಂಡ ಜಿಂಕೆ, ಕಡವೆ, ಕಾಟಿಗಳ ಎಣಿಕೆ. 2022ರ ಸುತ್ತಿನಲ್ಲಿ ದೇಶದಾದ್ಯಂತ ಹೀಗೆ ಕಾಲ್ನಡಿಗೆಯಲ್ಲಿ ಸವೆಸಿದ ದಾರಿ 6,41,449 ಕಿಲೋಮೀಟರ್. ಭೂಮಿಯಿಂದ ಚಂದ್ರನಿಗೆ ಹೋಗಿ ಮೂರರಲ್ಲಿ ಎರಡು ಪಾಲು ದಾರಿ ಹಿಂದೆ ಬರುವ ಹತ್ತಿರ ಹತ್ತಿರದ ದೂರ.

ಒಳಕಾಡಿನಲ್ಲಿ ಸಿಗ್ನಲ್ ಇಲ್ಲ. ಮೊಬೈಲು ತನ್ನಲ್ಲೇ ಎಲ್ಲ ಇಟ್ಟುಕೊಂಡಿದ್ದು ರೇಂಜ್ ಆಫೀಸಿಗೆ ಬಂದಮೇಲೆ ಕಂಪ್ಯೂಟರಿಗೆ ಇಳಿಯುತ್ತದೆ. ಇಳಿಸಿದ ಕಡತವನ್ನು ತೆರೆದವರಿಗೆ ಮೊದಲು ಬೆರಗಾಗುವುದು ಹೊತ್ತನ್ನು ನೋಡಿ. ಜಿಪಿಎಸ್ ಕಡತದಲ್ಲಿ ಬರೆಯುವ ಹೊತ್ತು ಗ್ರೀನಿಚ್ಚಿನದು. ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ ಆರಕ್ಕೆ ಮುದುಮಲೆಯ ತೆಪ್ಪಕಾಡಿನಿಂದ ಹೊರಟ ನಡಿಗೆ ಅಲ್ಲಿ ನಡುರಾತ್ರಿ 12.30ಕ್ಕೆ ಹೊರಟಿರುತ್ತದೆ. ಇದಾದರೂ ಸರಿ, ತಾರೀಖು ಅದೇ. 12ನೇ ತಾರೀಖಿನ ಬೆಳಗಿನ ಜಾವ ಎರಡಕ್ಕೆ ಬೇಟೆಗಾರರ ಸುಳಿವು ಸಿಕ್ಕಿ ಗಸ್ತು ಹೋದವರ ನಡಿಗೆ ಮಾತ್ರ 11ನೇ ತಾರೀಖಿನ ರಾತ್ರಿ 8.30 ಎಂದು ದಾಖಲಾಗಿರುತ್ತದೆ. ಐದೂವರೆ ಗಂಟೆ ಕೂಡಿಸುವ ಒಂದು ಸಾಲು ಸ್ಕ್ರಿಪ್ಟಿನಲ್ಲಿ ಇಲ್ಲದಿದ್ದರೆ, ಕೋರ್ಟಿನಲ್ಲಿ ಕೇಸು ನಿಂತಾಗ ಗಸ್ತಿನ ದಾಖಲೆಯೇ ಗಸ್ತಿನವರಿಗೆ ಎದುರಾಗುತ್ತದೆ.

ಜಾಗದ ಅಂಕಿಯೂ ಹಾಗೇ ಮೋಸ ಮಾಡಬಲ್ಲದು. ಮಸಿನಗುಡಿ ಇರುವುದು ಸುಮಾರು 11 ಡಿಗ್ರಿ 34 ಮಿನಿಟು ಉತ್ತರ, 76 ಡಿಗ್ರಿ 38 ಮಿನಿಟು ಪೂರ್ವ. ಡಿಗ್ರಿಗೆ ಅರವತ್ತು ಮಿನಿಟು. ಇದನ್ನು ಗಮನಿಸದೆ 11.34 ಎಂದು ಬರೆದರೆ ಮಸಿನಗುಡಿಯ ಹುಲಿ 25 ಕಿಲೋಮೀಟರ್ ದಕ್ಷಿಣಕ್ಕೆ ಜಾರಿ, ಕಲ್ಲಹಟ್ಟಿ ಘಾಟಿ ಹತ್ತಿ ಊಟಿಯನ್ನೂ ದಾಟಿ, ಎಮರಾಲ್ಡ್ ಕಡೆಯ ಚಳಿಯಲ್ಲಿ ನಿಂತಿರುತ್ತದೆ. 76.38 ಎಂದೂ ಬರೆದರೆ ಪಶ್ಚಿಮಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ ಸರಿದು ಕೇರಳದ ನಿಲಂಬೂರು ಸೀಮೆಗೆ ಇಳಿದಿರುತ್ತದೆ. ಇಂಥ ತಪ್ಪನ್ನು ಹಿಡಿಯುವುದು ಸ್ಕ್ರಿಪ್ಟಿಗೆ ಸುಲಭ: ಬೀಟಿನ ಗಡಿಯ ನಕ್ಷೆ ಕೊಟ್ಟು, ಗಡಿಯಾಚೆ ಬಿದ್ದ ಪ್ರತಿ ಬಿಂದುವನ್ನೂ ಕೆಂಪು ಮಾಡು ಎಂದರೆ ಸಾಕು.

ಹಿಡಿಯಲು ಕಷ್ಟವಾದದ್ದು ನೂರಾರು ಮೀಟರಿನ ತಪ್ಪು. ನಮ್ಮ ಹಳೆಯ ಸರ್ವೆ ನಕ್ಷೆಗಳು ನಿಂತಿರುವುದು 1830ರ ಎವರೆಸ್ಟ್ ಅಳತೆಯ ಮೇಲೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಶುರುಮಾಡಿ, 1804ರಲ್ಲಿ ಬೆಂಗಳೂರಿನಲ್ಲಿ ಮತ್ತೊಂದು ಆಧಾರರೇಖೆ ಅಳೆದು ಮುಂದೆ ಹೋದ ಮಹಾ ಮೋಜಣಿಯ ಸಂತಾನ ಅದು. ಜಿಪಿಎಸ್ ಮಾತಾಡುವುದು ಡಬ್ಲ್ಯುಜಿಎಸ್ 84 ಎಂಬ ಬೇರೆ ಅಳತೆಯಲ್ಲಿ. ಭೂಮಿಯ ಆಕಾರವನ್ನೇ ಎರಡೂ ಬೇರೆಬೇರೆಯಾಗಿ ಎಣಿಸುವುದರಿಂದ ಒಂದೇ ಅಕ್ಷಾಂಶ ರೇಖಾಂಶ ನೆಲದ ಮೇಲೆ ಎರಡು ಜಾಗ ತೋರಿಸುತ್ತದೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಬಂದ ನಕ್ಷೆಗಳು ಹೊಸ ಅಳತೆಗೆ ಬಂದಿವೆ. ಆದರೆ ಕಚೇರಿಗಳ ಕಪಾಟಿನಲ್ಲಿ ಹಳೆಯವು ಇನ್ನೂ ಇವೆ. ಸಿಗೂರು ಪ್ರಸ್ಥಭೂಮಿಯಂಥ ಕಡೆ ಇದು ಬರೀ ಲೆಕ್ಕದ ಮಾತಲ್ಲ. ಪೂರ್ವ ಘಟ್ಟ, ಪಶ್ಚಿಮ ಘಟ್ಟಗಳನ್ನು ಬೆಸೆಯುವ ಆ ಪಟ್ಟಿಯಲ್ಲಿ ಆನೆ ಹಾದಿಯನ್ನು ಗುರುತಿಸಿದ ತಮಿಳುನಾಡು ಸರ್ಕಾರದ 2010ರ ಅಧಿಸೂಚನೆಯನ್ನು ಸುಪ್ರೀಂ ಕೋರ್ಟು 2020ರ ಅಕ್ಟೋಬರ್ 14ರಂದು ಎತ್ತಿಹಿಡಿಯಿತು. ಜಮೀನಿನವರ ತಕರಾರು ಕೇಳಲು ಸಮಿತಿಯನ್ನೂ ನೇಮಿಸಿತು. ಆನೆಯ ಹಾದಿ ಯಾರ ಬೇಲಿಯ ಒಳಗೆ, ಯಾರ ಬೇಲಿಯ ಹೊರಗೆ ಎಂಬ ಪ್ರಶ್ನೆ ಬಂದಾಗ ನೂರು ಮೀಟರು ಒಂದು ಸಂಸಾರದ ಮನೆ ಹಿತ್ತಲಾಗಬಹುದು. ಆನೆಗೂ ಅನ್ಯಾಯವಾಗಬಾರದು, ಮನುಷ್ಯರಿಗೂ ಆಗಬಾರದು ಎಂದಾದರೆ ಕಡತದಲ್ಲಿ ಯಾವ ಅಳತೆ ಎಂಬುದನ್ನು ಬರೆದಿಡಲೇಬೇಕು.

ಇಷ್ಟೆಲ್ಲ ಆದಮೇಲೆ ಚಿತ್ರ ನೋಡುವ ಕೆಲಸ. ಫೆಬ್ರವರಿ, ಮಾರ್ಚಿನಲ್ಲಿ ಒಣಹುಲ್ಲು ಗಾಳಿಗೆ ಆಡಿದರೂ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಮುಸುವಗಳ ಗುಂಪು ಬಂದು ಕೂತರೆ ನೂರಾರು. ಆನೆ ಬಂದರೆ ಮೊದಲು ಸೊಂಡಿಲು, ಆಮೇಲೆ ಕತ್ತಲೆ. ಕ್ಯಾಮೆರಾವನ್ನು ಕಿತ್ತು ತುಳಿದಿರುತ್ತದೆ. ಖಾಲಿ ಚಿತ್ರಗಳನ್ನು ಬೇರೆ ಮಾಡಲು ಮೆಗಾಡಿಟೆಕ್ಟರ್ ಎಂಬ ಉಚಿತ ಮಾದರಿಯೊಂದಿದೆ. ಇದು ಯಾವ ಪ್ರಾಣಿ ಎಂದು ಹೇಳುವುದಿಲ್ಲ. ಪ್ರಾಣಿ ಇದೆ, ಮನುಷ್ಯ ಇದ್ದಾನೆ, ವಾಹನ ಇದೆ, ಏನೂ ಇಲ್ಲ ಎಂದಷ್ಟೇ ಹೇಳುತ್ತದೆ. ಅಷ್ಟರಿಂದಲೇ ನೋಡಬೇಕಾದ ರಾಶಿ ಎಷ್ಟೋ ಇಳಿಯುತ್ತದೆ. ಆಮೇಲೆ ಒಂದೇ ಕ್ಯಾಮೆರಾದಲ್ಲಿ ಒಂದೇ ಜಾತಿಯ ಪ್ರಾಣಿ ಅರ್ಧ ಗಂಟೆಯೊಳಗೆ ಹತ್ತು ಸಲ ಸಿಕ್ಕರೂ ಅದನ್ನು ಒಂದೇ ಭೇಟಿ ಎಂದು ಎಣಿಸುವ ರೂಢಿ. ಕ್ಯಾಮ್‌ಟ್ರ್ಯಾಪ್‌ಆರ್ ಎಂಬ ಉಚಿತ ಸಾಧನ ಆ ಎಣಿಕೆ ಮಾಡುತ್ತದೆ. ಅರ್ಧ ಗಂಟೆಯೋ ಒಂದು ಗಂಟೆಯೋ ಎಂಬುದನ್ನು ನಾವೇ ಹೇಳಬೇಕು, ಹೇಳಿದ್ದನ್ನು ಬರೆದಿಡಬೇಕು. ಎರಡು ವರ್ಷ ಎರಡು ಥರ ಎಣಿಸಿ, ಜಿಂಕೆ ಕಡಿಮೆಯಾಯಿತು ಎಂದು ಸುದ್ದಿ ಹಬ್ಬಿಸುವುದು ಬಹಳ ಸುಲಭ.

ಅಂತರ ಗೊತ್ತಿರುವ ಗಡಿಯಾರದ ಮಾತು ಬೇರೆ; ಉಳಿದಂತೆ ಸ್ಕ್ರಿಪ್ಟು ತಪ್ಪು ಹುಡುಕಬೇಕು, ತಿದ್ದಬಾರದು. ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಮುದುಮಲೆಯಲ್ಲೇ ಇರುವ ಒಂದು ಐವತ್ತು ಹೆಕ್ಟೇರ್ ಕಾಡು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು, ರಾಮನ್ ಸುಕುಮಾರ್ ಅವರ ಮುಂದಾಳತ್ವದಲ್ಲಿ, 1988–89ರಲ್ಲಿ ಮುದುಮಲೆಯಲ್ಲಿ ಒಂದು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲದ ಕಾಡನ್ನು ಗುರುತುಹಾಕಿ, ಎದೆಮಟ್ಟದಲ್ಲಿ ಒಂದು ಸೆಂಟಿಮೀಟರಿಗಿಂತ ದಪ್ಪವಿರುವ ಪ್ರತಿ ಗಿಡಮರಕ್ಕೂ ಅಂಕಿಯ ಬಿಲ್ಲೆ ಕಟ್ಟಿದರು. ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಗಿಡಮರ, ಸುಮಾರು ಎಪ್ಪತ್ತು ಜಾತಿ. ಪ್ರತಿ ವರ್ಷ ಸತ್ತವು ಯಾವು, ಹೊಸದಾಗಿ ಬಂದವು ಯಾವು ಎಂದು ನೋಡುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಎಲ್ಲದರ ಸುತ್ತಳತೆ ತೆಗೆಯುತ್ತಾರೆ. ಮಸಿನಗುಡಿಯಲ್ಲಿ ಅವರ ಕ್ಷೇತ್ರ ಕೇಂದ್ರವಿದೆ. ಮೂರೂವರೆ ದಶಕಗಳಿಂದ ಒಂದೇ ಕಾಡನ್ನು, ಒಂದೊಂದೇ ಮರವನ್ನು ಹೀಗೆ ಹಿಂಬಾಲಿಸಿದ ಉದಾಹರಣೆ ನಮ್ಮ ದೇಶದಲ್ಲಿ ಅಪರೂಪ. ಕಾಡಿನಿಂದ ಬಂದ ಅಳತೆಯನ್ನು ಕಂಪ್ಯೂಟರಿಗೆ ಏರಿಸಿ ಹಿಂದಿನ ಸುತ್ತಿನ ಜೊತೆ ತಾಳೆ ನೋಡಿದಾಗ ಕೆಲವು ಮರ ಸಣ್ಣದಾಗಿರುತ್ತವೆ. ಕೆಲವು, ಸತ್ತಿದೆ ಎಂದು ಬರೆದವು, ಮತ್ತೆ ಬದುಕಿರುತ್ತವೆ.

ಮರ ಸಣ್ಣದಾಗುತ್ತದೆಯೇ? ಅಳತೆ ತಪ್ಪಿರಬೇಕು, ಹಳೆಯ ಅಂಕಿಯನ್ನೇ ಇಡು ಎಂದು ಸ್ಕ್ರಿಪ್ಟಿಗೆ ಹೇಳುವುದು ಬಲು ಸುಲಭ. ಆದರೆ ಈ ಒಣ ಎಲೆಯುದುರು ಕಾಡಿನಲ್ಲಿ ಮರ ನಿಜವಾಗಿಯೂ ಸಣ್ಣದಾಗುತ್ತದೆ. ಬರಗಾಲದಲ್ಲಿ ಕಾಂಡದ ನೀರು ಬತ್ತಿ ಕುಗ್ಗುತ್ತದೆ. ಕಾಳ್ಗಿಚ್ಚಿನಲ್ಲಿ ತೊಗಟೆ ಉದುರುತ್ತದೆ. ಆನೆ ಕಾಂಡ ಮುರಿದುಹಾಕಿ, ಬುಡದಿಂದ ಬೆರಳು ಗಾತ್ರದ ಚಿಗುರು ಎದ್ದಿರುತ್ತದೆ. ಬಿಲ್ಲೆ ಅದೇ, ಮರ ಅದೇ, ಅಳತೆ ಮಾತ್ರ ಬೇರೆ. ಸತ್ತಂತೆ ಕಂಡದ್ದು ಬೇರಿನಿಂದ ಮರುಹುಟ್ಟು ಪಡೆದಿರುತ್ತದೆ. ಕೈಡಿಯಾ ಎಂದು ಸಸ್ಯಶಾಸ್ತ್ರದವರು ಕರೆಯುವ, ನಮ್ಮ ಕಡೆ ಬೆಂಡೆ ಮರ ಎನ್ನುವ ಜಾತಿ ಶುರುವಿನಲ್ಲಿ ಆ ತಾಕಿನಲ್ಲಿ ಎಲ್ಲಕ್ಕಿಂತ ಹೆಚ್ಚಿತ್ತು. ಆನೆಗಳು ಮುರಿದು ತಿಂದು ಅದು ತೀರ ಕಡಿಮೆಯಾಯಿತು. ತಪ್ಪೆಂದು ಕಾಣುವ ಅಳತೆಗಳನ್ನು ಯಾರೋ ಮೇಜಿನ ಮುಂದೆ ಕೂತು ಸರಿಪಡಿಸಿದ್ದರೆ ಆನೆಗೂ ಕಾಡಿಗೂ ಇರುವ ಆ ಕೊಡುಕೊಳ್ಳುವಿಕೆ ಲೆಕ್ಕದಿಂದ ಮಾಯವಾಗುತ್ತಿತ್ತು. ಅನುಮಾನ ಬಂದ ಸಾಲಿನ ಪಕ್ಕ ಒಂದು ಗುರುತು ಹಾಕಿ, ಮತ್ತೆ ಹೋಗಿ ಮರ ನೋಡಿ ಬನ್ನಿ ಎಂದು ಹೇಳುವ ಸ್ಕ್ರಿಪ್ಟೇ ಒಳ್ಳೆಯ ಸ್ಕ್ರಿಪ್ಟು. ಅಕ್ಕಿ ಆರಿಸುವವಳು ಕಲ್ಲನ್ನು ತೆಗೆದು ಮೊರದ ಅಂಚಿಗೆ ಸರಿಸುತ್ತಾಳಲ್ಲ, ಹಾಗೆ: ಪಕ್ಕಕ್ಕಿಟ್ಟದ್ದು ಕಣ್ಣಿಗೆ ಕಾಣುವಂತಿರಬೇಕು.

ಮತ್ತೆ ಹೋಗಿ ನೋಡಬೇಕಾದರೆ ಜಾಗ ಗೊತ್ತಿರಬೇಕು. ಈ ಸೀಮೆಯ ವಾಚರ್‌ಗಳಲ್ಲಿ ಇರುಳರು, ಬೆಟ್ಟ ಕುರುಂಬರು, ಕಾಟ್ಟುನಾಯಕರು ಬಹಳ ಮಂದಿ. ಮಸಿನಗುಡಿ, ಮಾವನಹಳ್ಳ, ಬೊಕ್ಕಾಪುರದ ಕಡೆ ಕನ್ನಡವೂ ಓಡುತ್ತದೆ, ತಮಿಳೂ ಓಡುತ್ತದೆ. ಗೂಡಲೂರಿಗೆ ಇಳಿದರೆ ಮಲಯಾಳವೂ. ಕಾರ್ಡು ಈಸಿಕೊಂಡ ಹುಡುಗ, “ಅಣ್ಣಾ, ಇದು ಯಾವ ಜಾಗದ್ದು?” ಎಂದು ಕೇಳಿದರೆ ಬರುವ ಉತ್ತರ ಅಂಕಿಯಲ್ಲಿರುವುದಿಲ್ಲ. “ಅದೇ ಕಣಪ್ಪಾ, ಆನೆ ನೀರ್ ಕುಡಿಯೋ ಹಳ್ಳದ ಮೇಲ್ಗಡೆ, ಎರಡು ದಾರಿ ಸೇರ್ತದಲ್ಲ, ಅಲ್ಲಿರೋ ದೊಡ್ಡ ಮತ್ತಿ ಮರದ್ದು.” ಅದಕ್ಕಿಂತ ಖಚಿತವಾದ ವಿಳಾಸ ಇನ್ನೊಂದಿಲ್ಲ. ಜಿಪಿಎಸ್ ದಟ್ಟ ಎಲೆಗಳ ಕೆಳಗೆ ಹತ್ತು ಹದಿನೈದು ಮೀಟರ್ ಅಲ್ಲಾಡುತ್ತದೆ. ಮತ್ತಿ ಮರ ಅಲ್ಲಾಡುವುದಿಲ್ಲ. ಕೋಷ್ಟಕದಲ್ಲಿ ಅಕ್ಷಾಂಶದ ಪಕ್ಕ ಈ ಮಾತಿಗೂ ಒಂದು ಅಂಕಣ ಇರಬೇಕು, ಅದು ಅವರು ಹೇಳಿದ ಭಾಷೆಯಲ್ಲೇ ಇರಬೇಕು. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಾಗ ಕಂಪ್ಯೂಟರಿಗೆ ಒಂದೇ ತೆಪ್ಪಕಾಡು ಮೂರು ಊರಾಗುತ್ತದೆ. ಕರ್ನಾಟಕ, ತಮಿಳುನಾಡು ಗಡಿಯ ಚೆಕ್‌ಪೋಸ್ಟು ನಮ್ಮ ಕಡೆ ಕೆಕ್ಕನಹಳ್ಳ, ಆಚೆ ಕಡೆ ಕಕ್ಕನಲ್ಲ. ಇಂಥವನ್ನು ಒಂದೇ ಎಂದು ತಿಳಿಸುವ ಪುಟ್ಟ ಪಟ್ಟಿಯೊಂದನ್ನು ಸ್ಕ್ರಿಪ್ಟಿನ ಜೊತೆ ಇಡಬೇಕಾಗುತ್ತದೆ.

ಹುಲಿಗೆ ಆ ಚೆಕ್‌ಪೋಸ್ಟು ಲೆಕ್ಕಕ್ಕಿಲ್ಲ. ಬಂಡೀಪುರದಲ್ಲಿ ಬೆಳಿಗ್ಗೆ ಸಿಕ್ಕಿದ್ದು ಮುದುಮಲೆಯಲ್ಲಿ ಸಂಜೆ ಸಿಗಬಹುದು. 2022ರ ಅಂದಾಜು ಬಂಡೀಪುರದೊಳಗೆ 150, ನಾಗರಹೊಳೆಯೊಳಗೆ 141, ಮುದುಮಲೆಯೊಳಗೆ 114 ಹುಲಿ ಎಂದಿತು. ಕಾಡಿನ ಒಳಗೇ ಇರುವವು ಎಷ್ಟು, ಬಂದು ಹೋಗಿ ಬಳಸುವವು ಎಷ್ಟು ಎಂದು ಎರಡು ಲೆಕ್ಕ ಕೊಡುತ್ತಾರೆ. ಎರಡು ರಾಜ್ಯದ ಚಿತ್ರಗಳನ್ನೂ ಒಟ್ಟಿಗೆ ಹೋಲಿಸಿದರೆ ಮಾತ್ರ ಒಂದು ಹುಲಿ ಎರಡಾಗುವುದು ತಪ್ಪುತ್ತದೆ. ಎರಡೂ ಕಡೆಯ ಕಡತಗಳಿಗೆ ಒಂದೇ ರೀತಿಯ ಹೆಸರು, ಒಂದೇ ರೀತಿಯ ಹೊತ್ತು ಇರಲಿ ಎಂದು ಹಠ ಹಿಡಿಯುವುದು ಇದಕ್ಕೇ.

ಕ್ಯಾಮೆರಾದ ಮುಂದೆ ಮನುಷ್ಯರೂ ಹಾದುಹೋಗುತ್ತಾರೆ. ಸೌದೆ ಹೊತ್ತ ಹೆಂಗಸರು, ಜೇನಿಗೆ ಹೋದವರು, ದನ ಹುಡುಕುತ್ತ ಬಂದ ಮುದುಕ. ಅವರಲ್ಲಿ ಬಹುಪಾಲು ಜನ ತಲೆತಲಾಂತರದಿಂದ ಆ ಕಾಡಿನಲ್ಲೇ ಇದ್ದವರು. 2006ರ ಅರಣ್ಯ ಹಕ್ಕು ಕಾಯ್ದೆ ಅವರ ಹಕ್ಕನ್ನು ಒಪ್ಪಿದೆ. ಉತ್ತರಾಖಂಡದ ಕಾರ್ಬೆಟ್ ಕಾಡಿನಲ್ಲಿ ಹುಲಿಗೆಂದು ಕಟ್ಟಿದ ಕ್ಯಾಮೆರಾಗಳು ಹೆಂಗಸರ ಖಾಸಗಿ ಹೊತ್ತಿನ ಚಿತ್ರ ತೆಗೆದು, ಅವು ಹಂಚಿಹೋಗಿ, ಅವರು ಕಾಡಿಗೆ ಹೋಗಲೇ ಅಂಜುವಂತಾದದ್ದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಅಧ್ಯಯನವೊಂದು 2024ರಲ್ಲಿ ಬೆಳಕಿಗೆ ತಂದಿತು. ನಮ್ಮ ಮೇಜುಗಳಿಗೆ ಅದು ಕಠಿಣವಾದ ಪಾಠ. ಮನುಷ್ಯರಿರುವ ಚಿತ್ರವನ್ನು ಯಂತ್ರವೇ ಮೊದಲು ಬೇರೆಮಾಡಬಲ್ಲದು ಎಂದಮೇಲೆ, ಆ ಫೋಲ್ಡರು ಬೀಗದೊಳಗೆ ಹೋಗಬೇಕು. ಬೇಟೆಯ ಅನುಮಾನವಿದ್ದಾಗ ಜವಾಬ್ದಾರಿಯುಳ್ಳ ಒಬ್ಬ ಅಧಿಕಾರಿ ಮಾತ್ರ ತೆರೆಯಬೇಕು. ಟೀ ಕುಡಿಯುತ್ತ ಹತ್ತು ಜನ ಪರದೆ ನೋಡುವ ಕೋಣೆಯಲ್ಲಿ ಅದು ತೆರೆದುಕೊಳ್ಳಬಾರದು. ಯಾವ ಹುಲಿಯ ಉಳಿವಿಗೂ ಆ ಹೆಂಗಸಿನ ಮಾನ ಬೆಲೆಯಾಗಬೇಕಿಲ್ಲ.

ಹುಲಿಯ ಗುಟ್ಟೂ ಅಷ್ಟೇ ಕಾಪಾಡಬೇಕಾದದ್ದು. 2013ರಲ್ಲಿ ಪನ್ನಾ ಕಾಡಿನ, ಕಾಲರ್ ಕಟ್ಟಿದ ಹುಲಿಯ ಜಾಗ ತಿಳಿಸುವ ಈಮೇಲ್ ಖಾತೆಗೆ ಯಾರೋ ನುಗ್ಗಲು ನೋಡಿದ ಸುದ್ದಿ ದೇಶಕ್ಕೆಲ್ಲ ಗೊತ್ತಾಯಿತು. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಅಕ್ಷಾಂಶ ರೇಖಾಂಶ ಕೂತಿರಬಹುದು. ಹೊರಗೆ ಕೊಡುವ ಪ್ರತಿ ಚಿತ್ರದಿಂದಲೂ ಅದನ್ನು ಅಳಿಸಿಹಾಕುವ ಸಾಲು ಎಕ್ಸಿಫ್‌ಟೂಲಿನಲ್ಲಿ ಒಂದೇ. ಮಸಿನಗುಡಿ ರಸ್ತೆಯಲ್ಲಿ ಹುಲಿ ಕಂಡು ಚಿತ್ರ ಹಂಚುವ ಪ್ರವಾಸಿಗಳಿಗೂ ಇದು ಗೊತ್ತಿದ್ದರೆ ಒಳ್ಳೆಯದು.

ಹುಲಿ ಅಂದಾಜು ನಾಲ್ಕು ವರ್ಷಕ್ಕೊಮ್ಮೆ: 2006, 2010, 2014, 2018, 2022, ಈಗ 2026ರ ಸುತ್ತು. ಪ್ರತಿ ಸುತ್ತಿಗೂ ಹೊಸ ಆ್ಯಪ್, ಹೊಸ ತಂತ್ರಾಂಶ ಬರುತ್ತದೆ. ಹಳೆಯ ಕಡತ ತೆರೆಯುವವರು ಯಾರು ಎಂಬುದು ಪ್ರತಿ ಸಲವೂ ಪ್ರಶ್ನೆಯೇ. ನನ್ನ ಆಸೆ ಇಷ್ಟು. ಮಸಿನಗುಡಿ, ಗೂಡಲೂರಿನ ಶಾಲೆ ಕಾಲೇಜು ಮುಗಿಸಿದ ಹುಡುಗ ಹುಡುಗಿಯರಿಗೆ, ಅದರಲ್ಲೂ ವಾಚರ್‌ಗಳ ಮಕ್ಕಳಿಗೆ, ಈ ಸ್ಕ್ರಿಪ್ಟ್ ಬರೆಯುವ ವಿದ್ಯೆಯನ್ನು ಕಲಿಸಬೇಕು. ಅಪ್ಪ ಹೇಳುವ ಮತ್ತಿ ಮರ ಯಾವುದೆಂದು ಅವರಿಗೆ ಗೊತ್ತು. ಗಡಿಯಾಚೆ ಕೆಂಪಾಗಿ ಬಿದ್ದ ಬಿಂದು ಎಲ್ಲಿರಬೇಕಿತ್ತೆಂದು ಬೆಂಗಳೂರು, ಡೆಹ್ರಾಡೂನಿನವರಿಗಿಂತ ಮೊದಲು ಅವರಿಗೆ ತಿಳಿಯುತ್ತದೆ. ಪ್ರತಿ ಫೋಲ್ಡರಿನಲ್ಲೂ ಒಂದು ಸಾದಾ ಪಠ್ಯ ಕಡತ ಇಟ್ಟು, ಕ್ಯಾಮೆರಾ ಕಟ್ಟಿದವರು ಯಾರು, ಕಾರ್ಡು ತಂದವರು ಯಾರು, ಗಡಿಯಾರ ಎಷ್ಟು ತಪ್ಪಿತ್ತು, ಯಾವ ಸ್ಕ್ರಿಪ್ಟು ಏನು ಮಾಡಿತು ಎಂದು ಕನ್ನಡದಲ್ಲೋ ತಮಿಳಿನಲ್ಲೋ ಬರೆದಿಡಲಿ. ಅದನ್ನು ಯುಟಿಎಫ್-8 ಎಂಬ ರೂಪದಲ್ಲೇ ಉಳಿಸಬೇಕು. ಎಕ್ಸೆಲ್‌ನಲ್ಲಿ ತೆರೆದಾಗ ಅಕ್ಷರಗಳು ಚೂರುಚೂರಾಗಿ ಕಂಡರೆ ಕಡತ ಕೆಟ್ಟಿದೆ ಎಂದು ಅಳಿಸಬೇಡಿ, ತೆರೆಯುವಾಗ ಯುಟಿಎಫ್-8 ಎಂದು ಆರಿಸಿಕೊಂಡರೆ ಎಲ್ಲ ಅಕ್ಷರವೂ ಸರಿಯಾಗಿ ಕಾಣುತ್ತದೆ.